ಪಾಸ್‌ಪೋರ್ಟ್ ತಡವಾದರೆ: ಫೈಲು ಎಲ್ಲಿ ನಿಂತಿದೆ ಎಂದು ಹುಡುಕಿ ಅಲ್ಲಿಗೇ ದೂರು ಕೊಡುವ ಬಗೆ

ನಮ್ಮದು ಕೊಡಗು. ಒಂದು ಕಕ್ಕಡದ, ಅಂದರೆ ಜುಲೈ-ಆಗಸ್ಟ್ ಹೊತ್ತಿನ, ಮಳೆಯಲ್ಲಿ ನಮ್ಮ ಅಕ್ಕನ ಮಗನ ಪಾಸ್‌ಪೋರ್ಟ್ ಅರ್ಜಿ ನಿಂತುಹೋಯಿತು. ಅವನಿಗೆ ಹೊರದೇಶದ ಕಾಲೇಜೊಂದರಲ್ಲಿ ಸೀಟು ಸಿಕ್ಕಿತ್ತು. ಬೆರಳಚ್ಚು, ಫೋಟೊ ಕೊಟ್ಟು ಬಂದು ಐವತ್ತು ದಿನವಾದರೂ ಪುಸ್ತಕ ಬರಲಿಲ್ಲ. "ಪೊಲೀಸ್ ವರದಿ" ಎಂಬ ಎರಡು ಪದ ಮೊಬೈಲಿನಲ್ಲಿ ಕಂಡದ್ದೇ ತಡ, ಅಕ್ಕ ವಾರಕ್ಕೆರಡು ಸಲ ಠಾಣೆಗೆ ಅಲೆಯತೊಡಗಿದಳು. ಕೊನೆಗೆ ನಾನೂ ಜೊತೆಗೆ ಹೋದೆ. ಅಲ್ಲಿದ್ದವರು ರಿಜಿಸ್ಟರ್ ತೆಗೆದು ನೋಡಿ, "ವರದಿ ಹೋಗಿ ತಿಂಗಳಾಯ್ತಲ್ಲಮ್ಮ. ಮನೆ ಸಿಗಲಿಲ್ಲ, ಫೋನೂ ಹೋಗಲಿಲ್ಲ, ಹಾಗೇ ಬರೆದು ಕಳಿಸಿದ್ದೇವೆ" ಎಂದರು. ಆ ವಾರ ನಮ್ಮೂರಲ್ಲಿ ಕರೆಂಟೂ ಇರಲಿಲ್ಲ, ಟವರೂ ಇರಲಿಲ್ಲ. ಫೈಲು ಆಗಲೇ ಠಾಣೆ ದಾಟಿ ಬೆಂಗಳೂರಿನಲ್ಲಿ ಕೂತಿತ್ತು. ನಾವು ಒಂದು ತಿಂಗಳು ತಪ್ಪು ಬಾಗಿಲು ತಟ್ಟಿದ್ದೆವು.

ಅಂದಿನಿಂದ ಅಕ್ಕಪಕ್ಕದವರು, ನೆಂಟರಿಷ್ಟರು ಯಾರೇ ಪಾಸ್‌ಪೋರ್ಟ್ ತಡವಾಯಿತೆಂದು ಬಂದರೂ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಫೈಲು ಈಗ ಯಾರ ಮೇಜಿನ ಮೇಲಿದೆ? ಅದು ಗೊತ್ತಾಗದೆ ಬರೆದ ದೂರು ಎಷ್ಟೇ ಖಾರವಾಗಿದ್ದರೂ "ಸಂಬಂಧಪಟ್ಟವರನ್ನು ಸಂಪರ್ಕಿಸಿ" ಎಂಬ ಉತ್ತರ ಹೊತ್ತು ಹಿಂದೆ ಬರುತ್ತದೆ. ಗೊತ್ತಾದ ಮೇಲೆ ಬರೆದ ನಾಲ್ಕೇ ಸಾಲಿನ ದೂರಿಗೆ ಕೆಲಸ ಆಗುತ್ತದೆ.

ಫೈಲು ಹೋಗುವ ದಾರಿ

ಕರ್ನಾಟಕದವರ ಪಾಸ್‌ಪೋರ್ಟ್ ಕೊಡುವ ಅಧಿಕಾರ ಇರುವುದು ಬೆಂಗಳೂರಿನ ಕೋರಮಂಗಲದಲ್ಲಿರುವ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಗೆ. ಎಲ್ಲರೂ ಅದನ್ನು ಆರ್‌ಪಿಒ ಎನ್ನುತ್ತಾರೆ. ನಮ್ಮ ಜಿಲ್ಲೆಯವರು ಹೆಚ್ಚಾಗಿ ಹೋಗುವುದು ಮೈಸೂರಿನ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ. 2017ರ ಜನವರಿ 25ರಂದು ದೇಶದಲ್ಲೇ ಮೊದಲು ಶುರುವಾದ ಇಂಥ ಎರಡು ಕೇಂದ್ರಗಳಲ್ಲಿ ಅದೂ ಒಂದು, ಇನ್ನೊಂದು ಗುಜರಾತಿನ ದಾಹೋದ್. ಕೆಲವರು ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತಾರೆ. 2018ರ ಜೂನ್‌ನಿಂದ ದೇಶದ ಯಾವ ಕೇಂದ್ರದಲ್ಲಿ ಬೇಕಾದರೂ ಅರ್ಜಿ ಕೊಡಬಹುದು. ಆದರೆ ಪೊಲೀಸ್ ಪರಿಶೀಲನೆ ನಡೆಯುವುದು ನೀವು ಬರೆದ ವಿಳಾಸದಲ್ಲೇ.

ಕೇಂದ್ರದಲ್ಲಿ ಕಾಗದ ತೆಗೆದುಕೊಂಡ ಮೇಲೆ ಫೈಲು ಆನ್‌ಲೈನಿನಲ್ಲೇ ಮಡಿಕೇರಿಯ ಜಿಲ್ಲಾ ಪೊಲೀಸ್ ಕಚೇರಿಗೆ, ಅಂದರೆ ಎಸ್.ಪಿ. ಕಚೇರಿಗೆ ಬರುತ್ತದೆ. ಅಲ್ಲಿಂದ ನಿಮ್ಮ ಠಾಣೆಗೆ, ಠಾಣೆಯಿಂದ ಬೀಟ್ ಪೊಲೀಸರ ಕೈಗೆ. ವರದಿ ಅದೇ ದಾರಿಯಲ್ಲಿ ಎಸ್.ಪಿ. ಕಚೇರಿಗೆ, ಅಲ್ಲಿಂದ ಆರ್‌ಪಿಒಗೆ ಹಿಂದಿರುಗುತ್ತದೆ. ಆರ್‌ಪಿಒ ಒಪ್ಪಿದರೆ ಪುಸ್ತಕ ಮುದ್ರಣವಾಗಿ ಸ್ಪೀಡ್ ಪೋಸ್ಟಿನಲ್ಲಿ ಹೊರಡುತ್ತದೆ. ಅಂದರೆ ಫೈಲು ನಿಲ್ಲಬಹುದಾದ ಮೇಜುಗಳು ನಾಲ್ಕು: ಸೇವಾ ಕೇಂದ್ರ, ಪೊಲೀಸ್, ಆರ್‌ಪಿಒ, ಅಂಚೆ. ಕೇಂದ್ರ ಸರ್ಕಾರದ ವಿದೇಶಾಂಗ ಸಚಿವಾಲಯಕ್ಕೆ ಸೇರಿದ್ದು ಮೊದಲನೆಯದು ಮತ್ತು ಮೂರನೆಯದು. ಪೊಲೀಸರು ರಾಜ್ಯ ಸರ್ಕಾರದವರು. ಈ ವ್ಯತ್ಯಾಸ ಮನಸ್ಸಿನಲ್ಲಿರಲಿ, ದೂರಿನ ವಿಳಾಸ ನಿರ್ಧಾರವಾಗುವುದು ಅದರ ಮೇಲೆ.

ದೂರಿಗೆ ಮೊದಲು ಕೈಗೆ ತಂದುಕೊಳ್ಳಬೇಕಾದವು

ಅರ್ಜಿ ತುಂಬಿದ ಕೂಡಲೇ ಸಿಗುವ ಎ.ಆರ್.ಎನ್. ಸಂಖ್ಯೆ ಬೇರೆ, ಸೇವಾ ಕೇಂದ್ರದಿಂದ ಹೊರಬರುವಾಗ ಕೊಡುವ ಸ್ವೀಕೃತಿ ಪತ್ರದಲ್ಲಿರುವ ಫೈಲ್ ಸಂಖ್ಯೆ ಬೇರೆ. ದೂರಿಗೆ ಬೇಕಾದದ್ದು ಫೈಲ್ ಸಂಖ್ಯೆ. ಆ ಪತ್ರದ ಫೋಟೊ ತೆಗೆದು ಮನೆಯ ಇಬ್ಬರ ಮೊಬೈಲಿನಲ್ಲಿ ಇಟ್ಟಿರಿ.

ನಮ್ಮ ಕಡೆ ಬಹಳ ಜನ ಅರ್ಜಿ ತುಂಬಿಸುವುದು ಪೇಟೆಯ ಸೈಬರಿನಲ್ಲಿ. ಅಲ್ಲಿ ಆತುರಕ್ಕೆ ಅಂಗಡಿಯವರ ಇಮೇಲನ್ನೇ, ಕೆಲವೊಮ್ಮೆ ಅವರ ಮೊಬೈಲ್ ನಂಬರನ್ನೇ ಹಾಕಿಬಿಡುತ್ತಾರೆ. ಆಮೇಲೆ ಬರುವ ಸಂದೇಶವೆಲ್ಲ ಅವರಿಗೇ. ನಮ್ಮ ಪಕ್ಕದ ಮನೆಯ ಚಿಕ್ಕಮ್ಮ ಹಜ್‌ಗೆಂದು ಅರ್ಜಿ ಹಾಕಿದ್ದಾಗ, ಆರ್‌ಪಿಒ ಕೇಳಿದ ಒಂದು ಕಾಗದದ ಸೂಚನೆ ಐದು ವಾರ ಯಾರದ್ದೋ ಇನ್‌ಬಾಕ್ಸಿನಲ್ಲಿ ಬಿದ್ದಿತ್ತು. ಅರ್ಜಿ ಹಾಕಿಸಿದ್ದು ಎಲ್ಲೇ ಆಗಿರಲಿ, ಲಾಗಿನ್ ಐಡಿ ಮತ್ತು ಪಾಸ್‌ವರ್ಡ್ ಇವತ್ತೇ ಕೇಳಿ ಬರೆದುಕೊಳ್ಳಿ. ಮುಂದೆ ವಿಚಾರಣೆಯ ಅಪಾಯಿಂಟ್‌ಮೆಂಟ್ ಪಡೆಯಲೂ ಅದು ಬೇಕಾಗುತ್ತದೆ.

ಒಂದು ನೋಟ್‌ಬುಕ್ಕನ್ನೂ ಇಡಿ. ಯಾವ ದಿನ ಕೇಂದ್ರಕ್ಕೆ ಹೋದಿರಿ, ಯಾವ ದಿನ ಪೊಲೀಸರು ಬಂದರು ಅಥವಾ ಫೋನ್ ಮಾಡಿದರು, ಯಾವ ದಿನ ಮೊಬೈಲಿನಲ್ಲಿ ಏನು ಸ್ಥಿತಿ ತೋರಿಸಿತು, ಯಾರ ಹತ್ತಿರ ಏನು ಮಾತಾಡಿದಿರಿ, ಎಲ್ಲಕ್ಕೂ ತಾರೀಕು ಹಾಕಿ. ದೂರಿನ ಬಲವೆಲ್ಲ ತಾರೀಕಿನಲ್ಲಿದೆ. "ತುಂಬಾ ದಿನದಿಂದ ಅಲೆಯುತ್ತಿದ್ದೇನೆ" ಎಂಬ ಮಾತಿಗೆ ಅಧಿಕಾರಿ ಉತ್ತರ ಕೊಡಬೇಕಾಗಿಲ್ಲ. "ಜುಲೈ 8ರಂದು ವರದಿ ಕೇಳಲಾಗಿದೆ, ಇವತ್ತಿಗೆ 34 ದಿನ" ಎಂದರೆ ಕೊಡಲೇಬೇಕಾಗುತ್ತದೆ.

ಸ್ಥಿತಿಯ ಸಾಲನ್ನು ಓದುವುದು

ಪಾಸ್‌ಪೋರ್ಟ್‌ಇಂಡಿಯಾ ಡಾಟ್ ಗವ್ ಡಾಟ್ ಇನ್ ಜಾಲತಾಣದಲ್ಲಿ ಅಥವಾ ಎಂಪಾಸ್‌ಪೋರ್ಟ್ ಸೇವಾ ಆ್ಯಪಿನಲ್ಲಿ ಫೈಲ್ ಸಂಖ್ಯೆ, ಹುಟ್ಟಿದ ದಿನಾಂಕ ಹಾಕಿದರೆ ಸ್ಥಿತಿ ಕಾಣುತ್ತದೆ. ವಿಳಾಸದ ಕೊನೆಯಲ್ಲಿ "ಗವ್ ಡಾಟ್ ಇನ್" ಇಲ್ಲದ ತಾಣಗಳಿಗೆ ಹಣವನ್ನೂ ದಾಖಲೆಯನ್ನೂ ಕೊಡಬೇಡಿ, ಅಸಲಿಯಂತೆಯೇ ಕಾಣುವ ನಕಲಿಗಳು ಬೇಕಾದಷ್ಟಿವೆ.

ಅಲ್ಲಿ ಬರುವ ವಾಕ್ಯ ಇಂಗ್ಲಿಷಿನಲ್ಲಿರುತ್ತದೆ, ಉದ್ದವಾಗಿರುತ್ತದೆ. ಅದರಲ್ಲಿ ಹುಡುಕಬೇಕಾದದ್ದು ಕಚೇರಿಯ ಹೆಸರನ್ನು. ಪೊಲೀಸ್ ಪರಿಶೀಲನೆಗಾಗಿ ಎಸ್.ಪಿ. ಕಚೇರಿಗೆ ಕಳಿಸಲಾಗಿದೆ ಎಂದಿದ್ದರೆ ಫೈಲು ಮಡಿಕೇರಿಯಲ್ಲೋ ನಿಮ್ಮ ಠಾಣೆಯಲ್ಲೋ ಇದೆ. ಪೊಲೀಸ್ ವರದಿ ಪ್ರಾದೇಶಿಕ ಕಚೇರಿಯಲ್ಲಿ ಪರಿಶೀಲನೆಯಲ್ಲಿದೆ ಎಂದಿದ್ದರೆ ಪೊಲೀಸರ ಕೆಲಸ ಮುಗಿದಿದೆ, ಇನ್ನು ಠಾಣೆಗೆ ಹೋಗಿ ಪ್ರಯೋಜನವಿಲ್ಲ. ನಮ್ಮ ಅಕ್ಕ ಓದಲು ತಪ್ಪಿದ್ದು ಇದೇ ಸಾಲನ್ನು. ತಡೆಹಿಡಿಯಲಾಗಿದೆ ಅಥವಾ ಪತ್ರ ಕಳಿಸಲಾಗಿದೆ ಎಂದಿದ್ದರೆ ಆರ್‌ಪಿಒ ನಿಮ್ಮಿಂದ ಏನನ್ನೋ ಕೇಳುತ್ತಿದೆ ಎಂದು ಅರ್ಥ. ಮಂಜೂರಾಗಿದೆ, ಮುದ್ರಣದಲ್ಲಿದೆ ಎಂದಿದ್ದರೆ ಕೆಲವು ದಿನ ಕಾಯುವುದೇ ಸರಿ.

ಇಂಗ್ಲಿಷ್ ಸಾಲು ಅರ್ಥವಾಗದಿದ್ದರೆ 1800-258-1800ಕ್ಕೆ ಫೋನ್ ಮಾಡಿ. ಇದಕ್ಕೆ ಹಣ ಖರ್ಚಾಗುವುದಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಆದರೆ ಒಂದು ವಿಷಯ ತಿಳಿದಿರಲಿ: ಅಲ್ಲಿ ಕೂತವರಿಗೆ ಕಾಣುವುದೂ ಹೆಚ್ಚುಕಡಿಮೆ ನಿಮಗೆ ಕಾಣುವ ಸಾಲೇ. ಫೈಲನ್ನು ಮುಂದೆ ತಳ್ಳುವ ಅಧಿಕಾರ ಅವರಿಗಿಲ್ಲ. ಅವರ ಮೇಲೆ ರೇಗಿ ಫಲವಿಲ್ಲ. ಫೈಲು ಯಾವ ಕಚೇರಿಯಲ್ಲಿದೆ, ಎಂದಿನಿಂದ ಇದೆ ಎಂಬ ಎರಡನ್ನು ಮಾತ್ರ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಪೊಲೀಸ್ ಮೇಜಿನಲ್ಲಿ ನಿಂತಿದ್ದರೆ

ಕೊಡಗಿನ ಫೈಲುಗಳು ಹೆಚ್ಚಾಗಿ ನಿಲ್ಲುವುದು ಇಲ್ಲೇ ಎಂಬುದು ನನ್ನ ಅನುಭವ. ಇದಕ್ಕೆ ಪೊಲೀಸರ ಸೋಮಾರಿತನ ಕಾರಣ ಎಂದು ಹೇಳಿಬಿಡುವುದು ಸುಲಭ. ನಮ್ಮ ಮನೆಗಳನ್ನು ಒಮ್ಮೆ ನೋಡಿ. ಮನೆ ಸಂಖ್ಯೆಯೂ ಇಲ್ಲ, ಬೀದಿಯೂ ಇಲ್ಲ. ತೋಟದ ಮಧ್ಯೆ ಅರ್ಧ ಮೈಲಿ ಒಳಗೆ ಮನೆ, ಪಕ್ಕದ ಮನೆಗೆ ಹೋಗಲು ಇನ್ನೊಂದು ಗದ್ದೆ ದಾಟಬೇಕು. ವಿಳಾಸದಲ್ಲಿ ಇರುವುದು ಗ್ರಾಮದ ಹೆಸರು ಮತ್ತು ಅಂಚೆ ಮಾತ್ರ. ಹೊಸದಾಗಿ ವರ್ಗವಾಗಿ ಬಂದ ಪೊಲೀಸರು ಮಳೆಯಲ್ಲಿ ಬೈಕು ಹತ್ತಿ ಅದನ್ನು ಹುಡುಕಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಫೋನೂ ಸಿಗದು.

ಹಾಗಾಗಿ ವರದಿ ಬರಲಿ ಎಂದು ಕಾಯುತ್ತ ಕೂರಬೇಡಿ. ಸ್ಥಿತಿಯಲ್ಲಿ "ಎಸ್.ಪಿ. ಕಚೇರಿ" ಎಂದು ಕಂಡ ನಾಲ್ಕೈದು ದಿನದೊಳಗೆ ಸ್ವೀಕೃತಿ ಪತ್ರದ ನಕಲು ಹಿಡಿದು ಠಾಣೆಗೆ ಹೋಗಿ, ಪಾಸ್‌ಪೋರ್ಟ್ ಕೆಲಸ ನೋಡುವವರು ಯಾರೆಂದು ಕೇಳಿ. ಮನೆಗೆ ಬರುವ ದಾರಿಯ ಗುರುತು ಬರೆದುಕೊಡಿ: ಯಾವ ಬಸ್ ಸ್ಟಾಪ್, ಯಾವ ತೋಟದ ಗೇಟು, ಯಾವ ಅಂಗಡಿಯಲ್ಲಿ ಕೇಳಿದರೆ ಹೇಳುತ್ತಾರೆ. ಇನ್ನೊಂದು ಫೋನ್ ನಂಬರನ್ನೂ ಕೊಡಿ, ಬೇರೆ ಕಂಪನಿಯದಾದರೆ ಒಳ್ಳೆಯದು. ತೋಟದ ಕಾರ್ಮಿಕರ ಸಾಲುಮನೆಗಳಲ್ಲಿ, ಅಂದರೆ ಲೈನ್ ಮನೆಯಲ್ಲಿರುವವರು ತೋಟದ ಲೆಕ್ಕ ನೋಡುವ ರೈಟರ ನಂಬರು ಕೊಡಲಿ. ನಾನು ಜೊತೆಗೆ ಹೋದ ಎಷ್ಟೋ ಸಲ ಇಷ್ಟರಿಂದಲೇ ಕೆಲಸ ಮುಗಿದಿದೆ, ದೂರಿನವರೆಗೆ ಹೋಗಿಲ್ಲ.

ಠಾಣೆ ಯಾವುದು ಎಂಬಲ್ಲೇ ತಪ್ಪಾಗಿರುವುದೂ ಉಂಟು. ಅರ್ಜಿಯಲ್ಲಿ ಠಾಣೆಯನ್ನು ನೀವೇ ಆರಿಸುತ್ತೀರಿ. ವಿರಾಜಪೇಟೆ ನಗರ ಠಾಣೆಯೋ ಗ್ರಾಮಾಂತರ ಠಾಣೆಯೋ, ಪೊನ್ನಂಪೇಟೆಯೋ ಗೋಣಿಕೊಪ್ಪವೋ, ಕುಶಾಲನಗರ ಪಟ್ಟಣವೋ ಗ್ರಾಮಾಂತರವೋ ಎಂಬ ಗೊಂದಲ ಗಡಿಯ ಗ್ರಾಮಗಳಲ್ಲಿ ಸದಾ ಇರುವಂಥದ್ದು. ಠಾಣೆಯಲ್ಲಿ "ನಮಗೆ ಬಂದಿಲ್ಲ" ಎಂದರೆ ಜಗಳಕ್ಕೆ ನಿಲ್ಲದೆ ಮಡಿಕೇರಿಯ ಎಸ್.ಪಿ. ಕಚೇರಿಯಲ್ಲಿ ಪಾಸ್‌ಪೋರ್ಟ್ ಪರಿಶೀಲನೆ ನೋಡುವ ವಿಭಾಗಕ್ಕೆ ಹೋಗಿ ಫೈಲ್ ಸಂಖ್ಯೆ ಕೊಡಿ. ಯಾವ ಠಾಣೆಗೆ, ಯಾವ ತಾರೀಕಿಗೆ ಹೋಗಿದೆ ಎಂದು ಅಲ್ಲಿ ಗೊತ್ತಾಗುತ್ತದೆ.

ಮತ್ತೊಂದು ತೊಂದರೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೆಲಸದಲ್ಲಿದ್ದು ಕೊಡಗಿನ ಮನೆಯ ವಿಳಾಸ ಕೊಟ್ಟವರದ್ದು. ಪೊಲೀಸರು ಬಂದಾಗ ಅಪ್ಪ ಅಮ್ಮ ಇರುತ್ತಾರೆ, "ಮಗ ಇಲ್ಲಿಲ್ಲ, ಪುತ್ತರಿ ಹಬ್ಬಕ್ಕೆ ಬರ್ತಾನೆ" ಎಂದು ಇದ್ದದ್ದು ಇದ್ದ ಹಾಗೆ ಹೇಳುತ್ತಾರೆ. ವರದಿಯಲ್ಲಿ ಅರ್ಜಿದಾರ ಈ ವಿಳಾಸದಲ್ಲಿ ವಾಸವಿಲ್ಲ ಎಂದಾಗುತ್ತದೆ. ನಿಜವಾಗಿ ಎಲ್ಲಿ ವಾಸವಿದ್ದೀರೋ ಆ ವಿಳಾಸವನ್ನೇ ಕೊಡುವುದು ನ್ಯಾಯವೂ ಹೌದು, ಕ್ಷೇಮವೂ ಹೌದು. ತಪ್ಪು ಮಾಹಿತಿ ಕೊಡುವುದು 1967ರ ಪಾಸ್‌ಪೋರ್ಟ್ ಕಾಯ್ದೆಯ 12ನೇ ಕಲಮಿನ ಪ್ರಕಾರ ಅಪರಾಧ.

ಪೊಲೀಸರು ವರದಿ ಕಳಿಸಲು ಇರುವ ಗಡುವು 21 ದಿನ. ಈ ಕೆಲಸಕ್ಕೆ ಕೇಂದ್ರ ಸರ್ಕಾರ ಪೊಲೀಸ್ ಇಲಾಖೆಗೆ ಹಣ ಕೊಡುತ್ತದೆ: ಗಡುವಿನೊಳಗೆ ಬಂದ ವರದಿಗೆ 150 ರೂಪಾಯಿ, ತಡವಾಗಿ ಬಂದದ್ದಕ್ಕೆ 50. ಆದ್ದರಿಂದ ಅರ್ಜಿದಾರರು ಪೊಲೀಸರಿಗೆ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ. "ಪೆಟ್ರೋಲ್ ಖರ್ಚು" ಎಂದು ಕೇಳಿದರೆ ಕೊಡಬೇಡಿ. ಒತ್ತಾಯ ಮಾಡಿದರೆ ಎಸ್.ಪಿ. ಅವರಿಗೆ ಬರೆಯಿರಿ, ಅಥವಾ ಲೋಕಾಯುಕ್ತ ಪೊಲೀಸರಿಗೆ ದೂರು ಕೊಡಿ. ಕೊಡುವುದು ವಾಡಿಕೆ ಎಂದು ಹಿರಿಯರು ಹೇಳಬಹುದು. ಆ ವಾಡಿಕೆಯಿಂದಲೇ ಕೊಡಲಾಗದ ಲೈನ್ ಮನೆಯವರ ಫೈಲು ಹಿಂದೆ ಬೀಳುತ್ತದೆ.

21 ದಿನ ಕಳೆದರೆ ಲಿಖಿತ ದೂರಿಗೆ ಹೊತ್ತಾಯಿತು. ನಾನು ಬರೆದುಕೊಡುವ ಅರ್ಜಿ ಹೀಗಿರುತ್ತದೆ:

"ಪೊಲೀಸ್ ವರಿಷ್ಠಾಧಿಕಾರಿಗಳು, ಕೊಡಗು ಜಿಲ್ಲೆ, ಮಡಿಕೇರಿ ಇವರಿಗೆ. ಮಾನ್ಯರೇ, ವಿಷಯ: ಪಾಸ್‌ಪೋರ್ಟ್ ಪೊಲೀಸ್ ಪರಿಶೀಲನಾ ವರದಿ ಬಾಕಿ ಇರುವ ಕುರಿತು, ಫೈಲ್ ಸಂಖ್ಯೆ ಇಂತಿಷ್ಟು. ನನ್ನ ಪಾಸ್‌ಪೋರ್ಟ್ ಅರ್ಜಿಯ ಪರಿಶೀಲನೆಗಾಗಿ ಇಂಥ ದಿನಾಂಕದಂದು ತಮ್ಮ ಕಚೇರಿಗೆ ಕೋರಿಕೆ ಬಂದಿರುವುದು ಜಾಲತಾಣದಲ್ಲಿ ಕಾಣುತ್ತಿದೆ. ಇಂದಿಗೆ ಇಷ್ಟು ದಿನಗಳಾಗಿವೆ. ಇಂಥ ದಿನಾಂಕದಂದು ಇಂಥ ಠಾಣೆಯಲ್ಲಿ ವಿಚಾರಿಸಿದ್ದೇನೆ. ನನ್ನ ಮನೆಯ ದಾರಿ, ಎರಡು ದೂರವಾಣಿ ಸಂಖ್ಯೆ ಕೆಳಗಿವೆ. ದಯವಿಟ್ಟು ವರದಿಯನ್ನು ಶೀಘ್ರ ಕಳಿಸಿಕೊಡಲು, ವರದಿ ಈಗಾಗಲೇ ಹೋಗಿದ್ದಲ್ಲಿ ಅದರ ದಿನಾಂಕ ತಿಳಿಸಲು ಕೋರುತ್ತೇನೆ."

ಕೊನೆಯ ವಾಕ್ಯವನ್ನು ಬಿಡಬೇಡಿ. ಅದಕ್ಕೆ ಬರುವ ಉತ್ತರವೇ ಮುಂದಿನ ದೂರಿನ ಬುಡ. ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ನಕಲಿನ ಮೇಲೆ ಸೀಲು ಮತ್ತು ತಾರೀಕು ಹಾಕಿಸಿಕೊಳ್ಳಿ. ಕುಟ್ಟದಿಂದಲೋ ಶನಿವಾರಸಂತೆಯಿಂದಲೋ ಮಡಿಕೇರಿಗೆ ಬರಲು ಒಂದು ದಿನದ ಕೂಲಿ ಹೋಗುವುದಾದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದರೂ ಆಗುತ್ತದೆ, ರಸೀದಿ ಜೋಪಾನ. ಹತ್ತು ದಿನದಲ್ಲಿ ಏನೂ ಆಗದಿದ್ದರೆ ರಾಜ್ಯ ಸರ್ಕಾರದ ಜನಸ್ಪಂದನ ವ್ಯವಸ್ಥೆಯಲ್ಲಿ, 1902ಕ್ಕೆ ಫೋನ್ ಮಾಡಿ, ದೂರು ದಾಖಲಿಸಿ.

ವರದಿ ಹೋಗಿದೆ, ಆದರೆ ಸರಿಯಾಗಿ ಹೋಗಿಲ್ಲ

ನಮ್ಮ ಹುಡುಗನ ಕಥೆ ಇದೇ. ಮನೆ ಸಿಗಲಿಲ್ಲ, ಅರ್ಜಿದಾರ ಸಿಗಲಿಲ್ಲ, ದಾಖಲೆ ಕೊಡಲಿಲ್ಲ ಎಂಬಂಥ ಅಪೂರ್ಣ ವರದಿ ಬಂದಾಗ ಆರ್‌ಪಿಒ ಮರುಪರಿಶೀಲನೆಗೆ ಆದೇಶಿಸಬೇಕು. ಅದು ತಾನಾಗಿ ಆಗುತ್ತದೆಂದು ನಂಬಿ ಕೂರಬೇಡಿ, ಕೇಳಿ ಮಾಡಿಸಬೇಕು. ದೂರಿನಲ್ಲಿ "ಪಾಸ್‌ಪೋರ್ಟ್ ಕೊಡಿ" ಎಂದು ಬರೆದರೆ ಅವರಿಂದ ಆಗದು, ಏಕೆಂದರೆ ಕೈಯಲ್ಲಿರುವ ವರದಿ ಅದಕ್ಕೆ ಒಪ್ಪುವುದಿಲ್ಲ. "ಪೊಲೀಸ್ ಪರಿಶೀಲನೆಯನ್ನು ಮತ್ತೊಮ್ಮೆ ಆರಂಭಿಸಿ" ಎಂದು ಬರೆದರೆ ಆಗುತ್ತದೆ. ಮಳೆಯಿಂದ ಸಂಪರ್ಕ ತಪ್ಪಿತ್ತು ಎಂಬ ಕಾರಣವನ್ನೂ, ಈ ವಿಳಾಸದಲ್ಲಿ ವಾಸವಿರುವ ದಾಖಲೆಯನ್ನೂ ಜೊತೆಗಿಡಿ. ಮರುಪರಿಶೀಲನೆ ಮಡಿಕೇರಿಗೆ ಬಂದ ದಿನವೇ ಠಾಣೆಗೆ ತಿಳಿಸಿ, ಆ ವಾರ ಊರಲ್ಲೇ ಇರಿ.

ಪ್ರತಿಕೂಲ ವರದಿ ಬೇರೆಯೇ ವಿಷಯ. ಹಳೆಯ ಯಾವುದೋ ಜಗಳ, ಜಮೀನಿನ ತಕರಾರು ಪೊಲೀಸ್ ದಾಖಲೆಯಲ್ಲಿ ಉಳಿದಿರಬಹುದು. ಕಾಯ್ದೆಯ 6(2)(ಎಫ್) ಕಲಮು ತಡೆಯುವುದು ಭಾರತದ ನ್ಯಾಯಾಲಯದಲ್ಲಿ ಕ್ರಿಮಿನಲ್ ಪ್ರಕರಣ ನಡೆಯುತ್ತಿರುವವರನ್ನು. ಬರೀ ಎಫ್‌ಐಆರ್ ದಾಖಲಾಗಿದ್ದು ನ್ಯಾಯಾಲಯ ಇನ್ನೂ ಅದನ್ನು ವಿಚಾರಣೆಗೆ ತೆಗೆದುಕೊಂಡಿಲ್ಲದಿದ್ದರೆ ಅದು ನಡೆಯುತ್ತಿರುವ ಪ್ರಕರಣ ಅಲ್ಲ ಎಂದು ನ್ಯಾಯಾಲಯಗಳು ಹೇಳಿವೆ. ಪ್ರಕರಣ ಖುಲಾಸೆಯಾಗಿದ್ದರೆ ತೀರ್ಪಿನ ದೃಢೀಕೃತ ಪ್ರತಿ ತೆಗೆಸಿ ಆರ್‌ಪಿಒಗೂ ಎಸ್.ಪಿ. ಕಚೇರಿಗೂ ಕೊಡಿ. ಇನ್ನೂ ನಡೆಯುತ್ತಿದ್ದರೆ, 1993ರ ಆಗಸ್ಟ್ 25ರ ಕೇಂದ್ರದ ಅಧಿಸೂಚನೆಯಂತೆ ಆ ನ್ಯಾಯಾಲಯದಿಂದಲೇ ಹೊರದೇಶಕ್ಕೆ ಹೋಗಲು ಅನುಮತಿ ಪಡೆದು ನಿಗದಿತ ಅವಧಿಯ ಪಾಸ್‌ಪೋರ್ಟ್ ಪಡೆಯಬಹುದು. ಇಲ್ಲಿ ದೂರು ಬರೆಯುವುದಕ್ಕಿಂತ ವಕೀಲರನ್ನು ನೋಡುವುದು ಮೇಲು.

ತತ್ಕಾಲ್‌ನಲ್ಲಿ ಹಾಕಿದವರಿಗೂ ಒಂದು ಮಾತು. ಅದಕ್ಕೆ ಮಾಮೂಲಿ 1,500 ರೂಪಾಯಿಯ ಮೇಲೆ ಇನ್ನೂ 2,000 ಕೊಡಬೇಕು, ಸಾಮಾನ್ಯವಾಗಿ ಪುಸ್ತಕ ಮೊದಲು ಬರುತ್ತದೆ, ಪೊಲೀಸರು ಆಮೇಲೆ ಬರುತ್ತಾರೆ. ಪುಸ್ತಕ ಕೈಗೆ ಬಂತೆಂದು ಪೊಲೀಸರ ಫೋನನ್ನು ಕಡೆಗಣಿಸಬೇಡಿ. ಪ್ರತಿಕೂಲ ವರದಿ ಹೋದರೆ ಕೈಯಲ್ಲಿರುವ ಪಾಸ್‌ಪೋರ್ಟನ್ನೂ ಹಿಂಪಡೆಯುವ ಅಧಿಕಾರ ಆರ್‌ಪಿಒಗಿದೆ.

ಹೆಸರಿನ ಸಿಕ್ಕು

ಆರ್‌ಪಿಒ ತಡೆಹಿಡಿದ ನಮ್ಮ ಜಿಲ್ಲೆಯ ಫೈಲುಗಳಲ್ಲಿ ನಾನು ಕಂಡ ದೊಡ್ಡ ಕಾರಣ ಹೆಸರು. ಕೊಡವರಲ್ಲಿ ಮನೆತನದ ಹೆಸರು ಮೊದಲು, ಆಮೇಲೆ ತಂದೆಯ ಹೆಸರು, ಕೊನೆಗೆ ತನ್ನ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮೊದಲ ಎರಡೂ ಇನಿಷಿಯಲ್ ಆಗಿ ಕುಗ್ಗಿರುತ್ತವೆ. ಆಧಾರಿನಲ್ಲಿ ತನ್ನ ಹೆಸರು ಮೊದಲು, ಇನಿಷಿಯಲ್ ಕೊನೆಗೆ. ಪ್ಯಾನ್ ಕಾರ್ಡಿನಲ್ಲಿ ಪೂರ್ತಿ ಬಿಡಿಸಿದ ಹೆಸರು. ಮನೆತನದ ಹೆಸರಿನ ಇಂಗ್ಲಿಷ್ ಅಕ್ಷರಗಳೋ, ಅಣ್ಣನದ್ದು ಒಂದು ರೀತಿ, ತಮ್ಮನದ್ದು ಇನ್ನೊಂದು. ಮದುವೆಯಾಗಿ ಬಂದ ಹೆಣ್ಣುಮಕ್ಕಳಿಗೆ ತವರಿನ ಮನೆತನ ಒಂದು ಕಾಗದದಲ್ಲಿ, ಗಂಡನ ಮನೆತನ ಇನ್ನೊಂದರಲ್ಲಿ. ನಮಗೆ ಇದೆಲ್ಲ ಒಬ್ಬರೇ ಎಂದು ಗೊತ್ತು. ಬೆಂಗಳೂರಿನಲ್ಲಿ ಕೂತು ಪರದೆ ನೋಡುವವರಿಗೆ ಅದು ಮೂವರು ಬೇರೆ ಬೇರೆ ಜನ.

ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ಹಾಕದೆ ಹೆಸರನ್ನು ಬಿಡಿಸಿ ಬರೆಯಬೇಕು. ಹಾಗೆ ಬಿಡಿಸಿದ ಹೆಸರಿಗೆ ಆಧಾರ ಯಾವುದು ಎಂದು ಕೇಳುವುದು ಅವರ ಕರ್ತವ್ಯ, ಇದನ್ನು ಕಿರುಕುಳ ಎಂದುಕೊಳ್ಳಬೇಡಿ. ಪತ್ರ ಬಂದರೆ ಕೋಪದ ದೂರು ಬರೆಯುವ ಮೊದಲು ಕೇಳಿದ ಕಾಗದ ಕೊಡಿ. ಮೊದಲು ಆಧಾರಿನ ಹೆಸರು ಸರಿಪಡಿಸಿಕೊಂಡು, ಅದಕ್ಕೆ ಉಳಿದವನ್ನು ಹೊಂದಿಸುತ್ತ ಹೋಗುವುದು ನಾನು ಕಂಡ ಹತ್ತಿರದ ದಾರಿ. ಮದುವೆಯಾದ ಮಾತ್ರಕ್ಕೆ ಹೆಸರು ಬದಲಿಸಲೇಬೇಕೆಂಬ ನಿಯಮವಿಲ್ಲ. ತವರಿನ ಮನೆತನದ ಹೆಸರಲ್ಲೇ ಎಲ್ಲ ಕಾಗದ ಇರುವ ತಂಗಿಯರು ಅದನ್ನೇ ಇಟ್ಟುಕೊಂಡು ಅರ್ಜಿ ಹಾಕಿದರೆ ಅರ್ಧ ತೊಂದರೆ ಇಲ್ಲವಾಗುತ್ತದೆ.

ಮಕ್ಕಳ ಪಾಸ್‌ಪೋರ್ಟ್‌ನಲ್ಲಿ ನಿಲ್ಲುವುದು ಅಪ್ಪ ಗಲ್ಫಿನಲ್ಲಿ, ಅಮ್ಮ ನಾಪೋಕ್ಲಿನಲ್ಲೋ ಸುಂಟಿಕೊಪ್ಪದಲ್ಲೋ ಇರುವ ಮನೆಗಳದ್ದು. ಇಬ್ಬರ ಒಪ್ಪಿಗೆಯ ಘೋಷಣೆ ಅನುಬಂಧ ಡಿ. ಒಬ್ಬರ ಒಪ್ಪಿಗೆ ಸಿಗದಾಗ ಅನುಬಂಧ ಸಿ. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಹುಟ್ಟಿದ ದಿನದ ಪುರಾವೆಯಾಗಿ ಜನನ ಪ್ರಮಾಣಪತ್ರ ಬಿಟ್ಟರೆ ಬೇರೇನೂ ನಡೆಯದು.

ಆರ್‌ಪಿಒ ಮೇಜಿನಲ್ಲಿ ನಿಂತಿದ್ದರೆ

ಪೊಲೀಸ್ ವರದಿ ಹೋಗಿದೆ, ನಿಮ್ಮಿಂದ ಯಾವ ಕಾಗದವೂ ಬಾಕಿಯಿಲ್ಲ, ಆದರೂ ಎರಡು ವಾರದಿಂದ ಸ್ಥಿತಿ ಬದಲಾಗಿಲ್ಲ ಎಂದಾದರೆ ಮೊದಲು ಪಾಸ್‌ಪೋರ್ಟ್ ಸೇವಾ ಜಾಲತಾಣದ ಕುಂದುಕೊರತೆ ವಿಭಾಗದಲ್ಲಿ ದೂರು ಹಾಕಿ. ಅಲ್ಲಿ ಸಿಗುವ ದೂರಿನ ಸಂಖ್ಯೆಯನ್ನು ನೋಟ್‌ಬುಕ್ಕಿಗೆ ಸೇರಿಸಿ. ಒಂದು ವಾರ ನೋಡಿ.

ಆಮೇಲೆ ಆರ್‌ಪಿಒದಲ್ಲಿ ವಿಚಾರಣೆಯ ಅಪಾಯಿಂಟ್‌ಮೆಂಟ್. ಇದನ್ನು ಲಾಗಿನ್ ಆಗಿ ಆನ್‌ಲೈನಿನಲ್ಲಿ ಪಡೆಯಬೇಕು. ರೈಲಿಲ್ಲದ ಜಿಲ್ಲೆಯಿಂದ ಬಸ್ಸಿನಲ್ಲಿ ಇನ್ನೂರೈವತ್ತು ಕಿಲೋಮೀಟರು ಹೋಗಿ ಬರುವ ಕಷ್ಟ ನನಗೆ ಗೊತ್ತು, ಅದಕ್ಕೇ ಕಾಗದದಲ್ಲಿ ಮುಗಿಯುವ ಕೆಲಸಕ್ಕೆ ಹೋಗಬೇಡಿ ಎನ್ನುತ್ತೇನೆ. ಆದರೆ ಹೆಸರಿನ ಸಿಕ್ಕು, ಹಳೆಯ ಪಾಸ್‌ಪೋರ್ಟ್ ಕಳೆದದ್ದು, ಪ್ರತಿಕೂಲ ವರದಿ ಇಂಥವುಗಳಲ್ಲಿ ಅಧಿಕಾರಿಯ ಎದುರು ಮೂಲ ದಾಖಲೆ ಇಟ್ಟು ಹತ್ತು ನಿಮಿಷ ಮಾತಾಡಿದರೆ ಮೂರು ತಿಂಗಳ ಪತ್ರವ್ಯವಹಾರ ಉಳಿಯುತ್ತದೆ. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮನೆ ಜೊತೆಗೆ ಕಾಗದಗಳನ್ನೂ ಕಳೆದುಕೊಂಡವರು ಈಗಲೂ ಇದ್ದಾರೆ. ಅಂಥವರು ಮೊದಲು ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಜನನ ಪ್ರಮಾಣಪತ್ರಗಳ ಎರಡನೇ ಪ್ರತಿ ಪಡೆದು, ಪೊಲೀಸ್ ದೂರಿನ ನಕಲು ಸಮೇತ ಖುದ್ದಾಗಿ ಹೋಗುವುದೇ ಸರಿ. ಹಳೆಯ ಬಾಕಿ ಫೈಲುಗಳಿಗೆಂದು ಆರ್‌ಪಿಒಗಳು ಆಗಾಗ ಪಾಸ್‌ಪೋರ್ಟ್ ಅದಾಲತ್ ನಡೆಸುವುದೂ ಉಂಟು, ಪತ್ರಿಕೆಯಲ್ಲಿ ಪ್ರಕಟಣೆ ಗಮನಿಸಿ.

ತುರ್ತು ಇದ್ದರೆ ಅದನ್ನು ಬಾಯಲ್ಲಿ ಹೇಳಿದರೆ ಸಾಲದು. ಕಾಲೇಜಿನ ಪ್ರವೇಶ ಪತ್ರ, ಕೆಲಸದ ಪತ್ರದಲ್ಲಿರುವ ಸೇರುವ ದಿನ, ಆಸ್ಪತ್ರೆಯ ಚೀಟಿ, ಯಾವುದಿದೆಯೋ ಅದನ್ನು ದೂರಿಗೆ ಲಗತ್ತಿಸಿ. ಇಲ್ಲದ ತುರ್ತನ್ನು ಹುಟ್ಟಿಸಬೇಡಿ, ಅದರಿಂದ ನಿಜವಾಗಿ ಅವಸರ ಇರುವವರ ಸರದಿ ಹಿಂದಕ್ಕೆ ಹೋಗುತ್ತದೆ.

ಸಿಪಿಗ್ರಾಮ್ಸ್

ಸಿಪಿಗ್ರಾಮ್ಸ್ ಎಂದರೆ ಕೇಂದ್ರ ಸರ್ಕಾರದ ಆನ್‌ಲೈನ್ ದೂರು ವ್ಯವಸ್ಥೆ. ಕಚೇರಿಯ ಮಟ್ಟದಲ್ಲಿ ಕೇಳಿ ಆಗದಿದ್ದಾಗ ಅದರ ತಾಣವಾದ ಪಿಜಿಪೋರ್ಟಲ್ ಡಾಟ್ ಗವ್ ಡಾಟ್ ಇನ್‌ನಲ್ಲಿ ವಿದೇಶಾಂಗ ಸಚಿವಾಲಯಕ್ಕೆ ದೂರು ಹಾಕಬಹುದು. 2024ರ ಆಗಸ್ಟ್‌ನಲ್ಲಿ ಬಂದ ಸೂಚನೆಯಂತೆ ದೂರು ಇತ್ಯರ್ಥಕ್ಕೆ 21 ದಿನದ ಗಡುವಿದೆ. ಇಲ್ಲಿಗೆ ಬರೆಯುವಾಗ ಐದು ವಿಷಯ ಸಾಕು: ಫೈಲ್ ಸಂಖ್ಯೆ, ಕೇಂದ್ರಕ್ಕೆ ಹೋದ ತಾರೀಕು, ಪೊಲೀಸ್ ವರದಿ ಹೋದ ತಾರೀಕು, ಹಿಂದಿನ ದೂರಿನ ಸಂಖ್ಯೆ, ನಿಮಗೆ ಏನು ಆಗಬೇಕು. ಇಡೀ ಕಥೆ ಬರೆದರೆ ಓದುವವರು ಮುಖ್ಯವಾದದ್ದನ್ನು ಬಿಟ್ಟು ಮೊದಲ ಸಾಲಿಗೆ ಮಾತ್ರ ಉತ್ತರ ಕೊಡುತ್ತಾರೆ. ಎಸ್.ಪಿ. ಕಚೇರಿಯ ಸೀಲಿರುವ ನಕಲನ್ನು ಲಗತ್ತಿಸಿ.

ಬಹಳ ಜನ ಸೋಲುವುದು ದೂರು ಮುಚ್ಚಿದಾಗ. "ಪ್ರಕ್ರಿಯೆಯಲ್ಲಿದೆ" ಎಂದೊಂದು ಸಾಲು ಬರೆದು ಮುಚ್ಚಿರುತ್ತಾರೆ, ಇವರು ನಿರಾಶರಾಗಿ ಬಿಡುತ್ತಾರೆ. ಬಿಡಬೇಡಿ. ಉತ್ತರ ತೃಪ್ತಿಕರವಲ್ಲ ಎಂದು ಅಭಿಪ್ರಾಯ ದಾಖಲಿಸಿದರೆ ಮೇಲ್ಮನವಿಗೆ ದಾರಿ ತೆರೆಯುತ್ತದೆ. ಅದಕ್ಕೆ 30 ದಿನ ಸಮಯವಿದೆ, ಮೇಲ್ಮನವಿ ಮೇಲಿನ ಅಧಿಕಾರಿಗೆ ಹೋಗುತ್ತದೆ. ಒಂದೇ ವಿಷಯಕ್ಕೆ ಐದು ದೂರು ಹಾಕುವುದಕ್ಕಿಂತ ಒಂದರ ಮೇಲ್ಮನವಿ ಹೆಚ್ಚು ಕೆಲಸ ಮಾಡುತ್ತದೆ.

ಗಲ್ಫಿನಲ್ಲೋ ಬೇರೆಲ್ಲೋ ಇದ್ದು ಅಲ್ಲಿನ ರಾಯಭಾರ ಕಚೇರಿಯ ಮೂಲಕ ಅರ್ಜಿ ಹಾಕಿದವರ ದೂರಿಗೆ ಮದದ್ ಎಂಬ ಬೇರೆಯ ತಾಣವಿದೆ. ಅವರ ಪೊಲೀಸ್ ಪರಿಶೀಲನೆಯೂ ಊರಿನ ವಿಳಾಸಕ್ಕೆ ಬರಬಹುದು, ಆದ್ದರಿಂದ ಮನೆಯವರಿಗೆ ಮೊದಲೇ ತಿಳಿಸಿರಿ.

ಮಾಹಿತಿ ಹಕ್ಕು

ಯಾರೂ ಬಾಯಿ ಬಿಡದಿದ್ದಾಗ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಆರ್‌ಪಿಒಗೆ ಹಾಕುವ ಅರ್ಜಿ ಕೇಂದ್ರದ ಆನ್‌ಲೈನ್ ತಾಣದಲ್ಲಿ, ಎಸ್.ಪಿ. ಕಚೇರಿಗೆ ಹಾಕುವುದು ರಾಜ್ಯದ ನಿಯಮದಂತೆ. ಎರಡಕ್ಕೂ ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಎಂಬ ಮಿತಿಯಿದೆ. ಅದನ್ನು ಮೀರಿ ತಿರಸ್ಕೃತವಾದ ಅರ್ಜಿಗಳನ್ನು ನೋಡಿದ್ದೇನೆ.

"ಏಕೆ ತಡ ಮಾಡಿದಿರಿ" ಎಂದು ಕೇಳಬೇಡಿ. ಅದು ಮಾಹಿತಿಯಲ್ಲ, ಜವಾಬು. ಹೀಗೆ ಕೇಳಿ: ಈ ಫೈಲ್ ಸಂಖ್ಯೆಯ ಪರಿಶೀಲನಾ ಕೋರಿಕೆ ನಿಮ್ಮ ಕಚೇರಿಗೆ ಬಂದ ದಿನಾಂಕ ಯಾವುದು? ಠಾಣೆಗೆ ಕಳಿಸಿದ ದಿನಾಂಕ ಯಾವುದು? ಠಾಣೆಯಿಂದ ಹಿಂದೆ ಬಂದ ದಿನಾಂಕ, ಆರ್‌ಪಿಒಗೆ ಕಳಿಸಿದ ದಿನಾಂಕ ಯಾವುವು? ಪ್ರತಿ ಹಂತದಲ್ಲಿ ಕಡತ ಇದ್ದ ಅಧಿಕಾರಿಯ ಹುದ್ದೆ ಯಾವುದು? ಉತ್ತರಕ್ಕೆ 30 ದಿನ. ಬರದಿದ್ದರೆ ಮುಂದಿನ 30 ದಿನದೊಳಗೆ ಅದೇ ಕಚೇರಿಯ ಮೊದಲ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಎಷ್ಟೋ ಸಲ ಉತ್ತರ ಬರುವ ಮೊದಲೇ ಪಾಸ್‌ಪೋರ್ಟ್ ಬಂದದ್ದಿದೆ. ಹಾಗೆಂದು ಮೊದಲ ದಿನವೇ ಇದನ್ನು ಬಳಸಬೇಡಿ, ಗಡುವು ಮೀರಿದ ಮೇಲಷ್ಟೇ ಪ್ರಶ್ನೆಗಳಿಗೆ ಅರ್ಥ ಬರುತ್ತದೆ.

ನಿರಾಕರಿಸಿದರೆ

ಪಾಸ್‌ಪೋರ್ಟ್ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು, ಕೇಳಿದರೆ ಬಹುತೇಕ ಸಂದರ್ಭದಲ್ಲಿ ಅದರ ಪ್ರತಿ ಕೊಡಬೇಕು ಎಂದು ಪಾಸ್‌ಪೋರ್ಟ್ ಕಾಯ್ದೆಯ 5(3) ಹೇಳುತ್ತದೆ. ಆ ಪ್ರತಿ ಪಡೆದು 11ನೇ ಕಲಮಿನಡಿ 30 ದಿನದೊಳಗೆ ಮೇಲ್ಮನವಿ ಸಲ್ಲಿಸಿ. ದಿನ ತಪ್ಪಬಾರದು. ಹೊರದೇಶಕ್ಕೆ ಹೋಗುವ ಹಕ್ಕು ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದು ಸುಪ್ರೀಂ ಕೋರ್ಟ್ 1978ರಲ್ಲಿ ಮೇನಕಾ ಗಾಂಧಿ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಎಲ್ಲ ದಾರಿ ಮುಚ್ಚಿದಾಗ ಹೈಕೋರ್ಟಿಗೆ ರಿಟ್ ಅರ್ಜಿ ಹಾಕುವ ಬಾಗಿಲೂ ತೆರೆದೇ ಇದೆ. ಅಲ್ಲಿಗೆ ಹೋಗುವ ದಿನ ನಿಮ್ಮ ನೋಟ್‌ಬುಕ್ಕು, ಸೀಲು ಬಿದ್ದ ನಕಲುಗಳು ವಕೀಲರ ಅರ್ಧ ಕೆಲಸವನ್ನು ಮುಗಿಸಿರುತ್ತವೆ.

ಅಂಚೆಯ ಮೇಜು

ರವಾನೆಯಾಗಿದೆ ಎಂಬ ಸಂದೇಶದಲ್ಲಿ ಸ್ಪೀಡ್ ಪೋಸ್ಟಿನ ಸಂಖ್ಯೆ ಇರುತ್ತದೆ. ಅದನ್ನು ಅಂಚೆ ಇಲಾಖೆಯ ತಾಣದಲ್ಲಿ ಹಾಕಿ ನೋಡುತ್ತಿರಿ. ಪುಸ್ತಕವನ್ನು ಅರ್ಜಿದಾರರ ಕೈಗೇ ಕೊಡಬೇಕೆಂಬ ನಿಯಮವಿದೆ, ಯಾರೂ ಸಿಗದಿದ್ದರೆ ಅದು ಬೆಂಗಳೂರಿಗೇ ಹಿಂದಿರುಗುತ್ತದೆ. ನಮ್ಮ ಗ್ರಾಮಗಳ ಶಾಖಾ ಅಂಚೆ ಕಚೇರಿಗಳು ದಿನವಿಡೀ ತೆರೆದಿರುವುದಿಲ್ಲ. ಹಾಗಾಗಿ ಮುದ್ರಣದ ಸಂದೇಶ ಬಂದ ದಿನವೇ ಪೋಸ್ಟ್‌ಮ್ಯಾನ್ ಅಣ್ಣನಿಗೆ ಹೇಳಿಟ್ಟು, ಆಧಾರ್ ಕಾರ್ಡ್ ಹಿಡಿದು ಸಿದ್ಧವಾಗಿರಿ.

ಮರುಪರಿಶೀಲನೆಗೆ ಬರೆದ ಮೇಲೆ ನಮ್ಮ ಹುಡುಗನ ಮನೆಗೆ ಪೊಲೀಸರು ಒಂಬತ್ತನೇ ದಿನಕ್ಕೆ ಬಂದರು. ಅಕ್ಕ ಗೇಟಿನ ಹತ್ತಿರವೇ ಕೊಡೆ ಹಿಡಿದು ಕಾದಿದ್ದಳು. ಪುಸ್ತಕ ಬಂದ ದಿನ ಅವನು ಮೊದಲು ತೆರೆದು ನೋಡಿದ್ದು ಫೋಟೊ. ನಾನು ನೋಡಿಸಿದ್ದು ಹೆಸರಿನ ಅಕ್ಷರ, ಹುಟ್ಟಿದ ದಿನ, ತಂದೆತಾಯಿಯ ಹೆಸರು, ವಿಳಾಸ. ಅರ್ಜಿಯಲ್ಲಿ ಸರಿಯಿದ್ದು ಪುಸ್ತಕದಲ್ಲಿ ತಪ್ಪು ಕಂಡರೆ ಆ ದಿನವೇ ಆರ್‌ಪಿಒಗೆ ಬರೆಯಿರಿ, ವೀಸಾಕ್ಕೆ ಕೊಟ್ಟ ಮೇಲೆ ಅಲ್ಲ.